ಹಾಜರಿ ಪುಸ್ತಕದಲ್ಲಿ ಇಲ್ಲದವರು: ಹಾಸನದ ಗಾರೆ ಕೆಲಸದವರು ಮತ್ತು ಸಂಘದ ಸದಸ್ಯತ್ವ

ಬೆಳಗ್ಗೆ ಏಳರ ಹೊತ್ತಿಗೆ ಆಲೂರು, ಗೊರೂರು, ಹಳೇಬೀಡು, ದುದ್ದ ಕಡೆಗಳಿಂದ ಹಾಸನಕ್ಕೆ ಬರುವ ಬಸ್ಸುಗಳಲ್ಲಿ ಗಾರೆ ಕೆಲಸದವರನ್ನು ಗುರುತಿಸುವುದು ಕಷ್ಟವಲ್ಲ. ಒಂದು ಕೈಯಲ್ಲಿ ಕರಣೆ, ತೂಗುಗುಂಡು, ಬದಲಿ ಬಟ್ಟೆ ತುಂಬಿದ ಹಳೆಯ ಚೀಲ. ಇನ್ನೊಂದು ಕೈಯಲ್ಲಿ ಬುತ್ತಿ. ಬಸ್ಸಿಳಿದವರು ಸಾಲಗಾಮೆ ರಸ್ತೆಯ ಕಡೆಗೋ, ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆಗಳ ಕಡೆಗೋ ಚದುರಿ ಹೋಗುತ್ತಾರೆ, ಸಂಜೆ ಮತ್ತೆ ಅದೇ ನಿಲ್ದಾಣಕ್ಕೆ ಬಂದು ಸೇರುತ್ತಾರೆ. ಈ ನಡುವಿನ ಗಂಟೆಗಳಲ್ಲಿ ಅವರು ಎಲ್ಲಿದ್ದರು, ಯಾರಿಗಾಗಿ ದುಡಿದರು, ಎಷ್ಟು ಕೂಲಿಗೆ ಒಪ್ಪಿಕೊಂಡಿದ್ದರು ಎಂಬುದು ಬಹುಪಾಲು ಯಾವ ಕಾಗದದಲ್ಲಿಯೂ ದಾಖಲಾಗಿರುವುದಿಲ್ಲ. ಮೇಸ್ತ್ರಿಯ ಜೇಬಿನ ಸಣ್ಣ ಪುಸ್ತಕದಲ್ಲಿ ಒಂದು ಗೀಟು ಬಿದ್ದಿರಬಹುದು. ವಾರದ ಬಟವಾಡೆ ಮುಗಿದ ಮೇಲೆ ಆ ಹಾಳೆಯನ್ನು ಯಾರೂ ಕಾಪಾಡುವುದಿಲ್ಲ.

ಕಟ್ಟಡ ಕಾರ್ಮಿಕರ ಕಷ್ಟವೆಂದರೆ ಕಡಿಮೆ ಕೂಲಿ, ಸುಡುವ ಬಿಸಿಲು, ಎತ್ತರದಿಂದ ಬೀಳುವ ಭಯ ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಅವೆಲ್ಲವೂ ನಿಜವೇ. ಆದರೆ ಅವುಗಳ ಬುಡದಲ್ಲಿರುವುದು ದುಡಿದದ್ದಕ್ಕೆ ಗುರುತೇ ಉಳಿಯದ ಈ ಸ್ಥಿತಿ ಎಂಬುದು ನನ್ನ ತಿಳಿವಳಿಕೆ. ಕಟ್ಟಡ ಕಾರ್ಮಿಕರಿಗೆಂದು ನಮ್ಮ ದೇಶದಲ್ಲಿ ಇರುವಷ್ಟು ಕಾನೂನು, ನಿಧಿ, ಮಂಡಳಿ, ನ್ಯಾಯಾಲಯದ ಆದೇಶಗಳು ಬೇರೆ ಬಿಡಿಗೂಲಿ ವರ್ಗಗಳಿಗೆ ಅಷ್ಟಾಗಿ ಇಲ್ಲ. ಆ ಕಾನೂನುಗಳೆಲ್ಲವೂ ಮೊದಲಿಗೆ ಕೇಳುವುದು ಒಂದೇ ಮಾತು: ನೀನು ಕೆಲಸ ಮಾಡಿದ್ದಕ್ಕೆ ಏನು ಪುರಾವೆ? ಒಂಟಿ ಕೂಲಿಕಾರನ ಬಳಿ ಅದಕ್ಕೆ ಉತ್ತರವಿರುವುದಿಲ್ಲ. ಕಾರ್ಮಿಕ ಸಂಘದ ಸದಸ್ಯತ್ವದ ಬೆಲೆಯನ್ನು ಮೆರವಣಿಗೆ, ಘೋಷಣೆಗಳಿಂದ ಅಳೆಯುವ ಬದಲು ಈ ಒಂದು ಪ್ರಶ್ನೆಯಿಂದ ಅಳೆದು ನೋಡಬೇಕು ಎಂಬ ಕಾರಣಕ್ಕೆ ಈ ಬರಹ.

ಹಾಸನದಂಥ ಊರಿನಲ್ಲಿ ಮನೆ ಹೇಗೆ ಏಳುತ್ತದೆ ಎಂಬುದನ್ನು ಮೊದಲು ನೋಡೋಣ. ನಿವೇಶನದ ಒಡೆಯರು ಒಬ್ಬ ಎಂಜಿನಿಯರ್ ಅಥವಾ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸುತ್ತಾರೆ. ಗುತ್ತಿಗೆದಾರರು ಗಾರೆ ಕೆಲಸವನ್ನು ಚದರಕ್ಕೆ ಇಷ್ಟು ಎಂದು ಒಬ್ಬ ಮೇಸ್ತ್ರಿಗೆ, ಕಂಬಿ ಕಟ್ಟುವುದನ್ನು ಇನ್ನೊಬ್ಬರಿಗೆ, ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಆಧಾರ ಕೊಡುವ ಹಲಗೆ, ಗಳಗಳ ಕೆಲಸ) ಮತ್ತೊಬ್ಬರಿಗೆ, ಟೈಲ್ಸ್, ಬಣ್ಣ, ಕೊಳಾಯಿ, ವಿದ್ಯುತ್ ಕೆಲಸಗಳನ್ನು ಬೇರೆ ಬೇರೆಯವರಿಗೆ ತುಂಡು ಗುತ್ತಿಗೆಗೆ ಕೊಡುತ್ತಾರೆ. ಆ ಮೇಸ್ತ್ರಿಗಳು ತಮ್ಮ ಊರಿನವರನ್ನೋ, ನೆಂಟರನ್ನೋ, ಬೆಳಗ್ಗೆ ವೃತ್ತದಲ್ಲಿ ನಿಂತವರನ್ನೋ ಕರೆದುಕೊಂಡು ಬರುತ್ತಾರೆ. ಇಷ್ಟು ಮೆಟ್ಟಿಲು ಇಳಿದ ಮೇಲೆ ಬಾಂಡ್ಲಿ ಹೊರುವ ಹೆಂಗಸನ್ನು 'ನಿಮ್ಮ ಮಾಲೀಕರು ಯಾರು?' ಎಂದು ಕೇಳಿದರೆ ಆಕೆ ಹೇಳುವುದು ಮೇಸ್ತ್ರಿಯ ಹೆಸರನ್ನು. ಮೇಸ್ತ್ರಿಯೋ ನಿನ್ನೆಯವರೆಗೂ ಕರಣೆ ಹಿಡಿದವನು. ಗುತ್ತಿಗೆದಾರರು ಕೊನೆಯ ಕಂತನ್ನು ತಡೆಹಿಡಿದರೆ, ಗೃಹಪ್ರವೇಶದ ಮುಂಚೆ ಗೋಡೆ ಸರಿಯಿಲ್ಲ, ಸಾರಣೆ ಬಿರುಕು ಬಿಟ್ಟಿದೆ ಎಂದು ಮುರಿದುಕೊಂಡರೆ, ಆಳುಗಳಿಗೆ ಕೊಡಲು ಅವನ ಕೈಯಲ್ಲೂ ಹಣವಿರುವುದಿಲ್ಲ. ಕೂಲಿ ಮುಳುಗುವುದು ಹೆಚ್ಚಾಗಿ ಈ ಕೊನೆಯ ಕಂತಿನಲ್ಲಿಯೇ. ಅಷ್ಟು ಹೊತ್ತಿಗೆ ಸೆಂಟ್ರಿಂಗಿನವರೂ ಗಾರೆಯವರೂ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಕೇಳುವವರಿಗೆ 'ಮುಂದಿನ ವಾರ ಬಾ' ಎಂದು ಹೇಳಿ ಕಳಿಸುವುದು ಸುಲಭ. ಮೂರು ಸಲ ಬಸ್ ಚಾರ್ಜು ಕೊಟ್ಟು, ಮೂರು ದಿನದ ದುಡಿಮೆ ಕಳೆದುಕೊಂಡವರು ನಾಲ್ಕನೆಯ ಸಲ ಬರುವುದಿಲ್ಲ ಎಂಬ ಲೆಕ್ಕಾಚಾರ ಎಲ್ಲರಿಗೂ ಗೊತ್ತಿದೆ.

ಇಲ್ಲಿ ಕಾನೂನು ಏನು ಹೇಳುತ್ತದೆ? 2025ರ ನವೆಂಬರ್ 21ರಿಂದ ಜಾರಿಗೆ ಬಂದ, ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ 2019ರ ವೇತನ ಸಂಹಿತೆಯ ಪ್ರಕಾರ ದಿನಗೂಲಿಯವರಿಗೆ ಆಯಾ ಪಾಳಿ ಮುಗಿದಾಗ, ವಾರದ ಕೂಲಿಯವರಿಗೆ ವಾರದ ರಜೆಗೆ ಮುಂಚಿನ ಕೊನೆಯ ಕೆಲಸದ ದಿನ ಹಣ ಕೈಸೇರಬೇಕು. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಆ ಸಂಸ್ಥೆಯ ಒಡೆಯ ಕೊಡಬೇಕು. ಬಾಕಿ ಕೂಲಿಗಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಕೂಲಿ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆಯೂ ಮಾಲೀಕನದೇ, ಕೆಲಸಗಾರನದಲ್ಲ. ಓದಲು ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಇಲ್ಲ ಅನ್ನಿಸುತ್ತದೆ. ಆದರೆ ಕೂಲಿ ಕೊಟ್ಟೆನೆಂದು ಮಾಲೀಕ ಸಾಬೀತು ಮಾಡಬೇಕಾದ ಹಂತ ಬರುವುದು, ಈತ ನನ್ನಲ್ಲಿ ಕೆಲಸ ಮಾಡಿದ ಎಂಬುದು ನಿಂತ ಮೇಲೆ. 'ಈತ ಯಾರೋ ಗೊತ್ತಿಲ್ಲ' ಎಂಬ ಒಂದೇ ಮಾತಿಗೆ ಇಡೀ ಅರ್ಜಿ ಕುಸಿಯುತ್ತದೆ. ಅದೇ ಸಂಹಿತೆಯು ಅರ್ಜಿ ಹಾಕುವ ಹಕ್ಕನ್ನು ಮೂವರಿಗೆ ಕೊಟ್ಟಿದೆ: ಕೆಲಸಗಾರನಿಗೆ, ಕಾರ್ಮಿಕ ಇಲಾಖೆಯ ಅಧಿಕಾರಿಗೆ ಮತ್ತು ಕೆಲಸಗಾರನು ಸದಸ್ಯನಾಗಿರುವ ನೋಂದಾಯಿತ ಸಂಘಕ್ಕೆ. ಮೂರನೆಯ ಈ ದಾರಿ ಸದಸ್ಯರಿಗೆ ಮಾತ್ರ ತೆರೆದಿದೆ. ಸಂಘ ಅರ್ಜಿ ಹಾಕಿದಾಗ ಅದೇ ಕಟ್ಟಡದಲ್ಲಿ ದುಡಿದ ಕಂಬಿಯವರು, ಟೈಲ್ಸಿನವರು ಸಾಕ್ಷಿಗೆ ಬರುತ್ತಾರೆ. ವಿಚಾರಣೆಯ ದಿನ ಕೂಲಿ ಬಿಟ್ಟು ಓಡಾಡುವ ಹೊರೆ ಒಬ್ಬನ ತಲೆಯ ಮೇಲೆ ಬೀಳುವುದಿಲ್ಲ. ಮುಂದಿನ ಕೆಲಸ ತಪ್ಪೀತೆಂಬ ಅಂಜಿಕೆಯೂ ಹಂಚಿಹೋಗುತ್ತದೆ.

ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1982ರಲ್ಲಿ, ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿಯೇ. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣ, ಮೇಲ್ಸೇತುವೆಗಳನ್ನು ಕಟ್ಟುತ್ತಿದ್ದವರ ಪರವಾಗಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ನ್ಯಾಯಾಲಯಕ್ಕೆ ಹೋಗಿತ್ತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಎನ್. ಭಗವತಿ. ಆ ಕಾರ್ಮಿಕರು ತಾವೇ ನ್ಯಾಯಾಲಯದ ಬಾಗಿಲಿಗೆ ಬರುವ ಸ್ಥಿತಿಯಲ್ಲಿರಲಿಲ್ಲ, ಅವರ ಪರವಾಗಿ ಒಂದು ಸಂಘಟನೆ ಬರಬೇಕಾಯಿತು ಎಂಬ ಸಂಗತಿಯನ್ನು ತೀರ್ಪಿನಷ್ಟೇ ಗಮನವಿಟ್ಟು ಓದಬೇಕು. ಆ ಬಳಿಕ 1980ರ ದಶಕದ ನಡುವಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪ್ರಚಾರ ಸಮಿತಿಯೊಂದು ರೂಪುಗೊಂಡು, ಹಲವು ರಾಜ್ಯಗಳ ಕಟ್ಟಡ ಕಾರ್ಮಿಕ ಸಂಘಗಳು ಅದರ ಜೊತೆಗೂಡಿ ಒತ್ತಾಯಿಸುತ್ತ ಬಂದದ್ದರ ಫಲವೇ 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ ಹಾಗೂ ಅದರ ಜೊತೆಗಿನ ಸೆಸ್ ಕಾಯ್ದೆ. ಇಂದು ಸರ್ಕಾರದ ಕೊಡುಗೆಯಂತೆ ಕಾಣುವ ಲೇಬರ್ ಕಾರ್ಡು, ಅಂದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಸಿಗುವ ಗುರುತಿನ ಚೀಟಿ, ಈ ದಾರಿಯಲ್ಲಿ ಬಂದದ್ದು.

ಅಪಘಾತದ ವಿಷಯಕ್ಕೆ ಬಂದರೆ ಪುರಾವೆಯ ಪ್ರಶ್ನೆ ಇನ್ನೂ ಕಟುವಾಗುತ್ತದೆ. ಮನೆ ಕಟ್ಟುವ ಕೆಲಸದಲ್ಲಿ ಜೀವ ಹೋಗುವ ಬಗೆಗಳು ಕೆಲವೇ, ಮತ್ತೆ ಮತ್ತೆ ಮರುಕಳಿಸುವಂಥವು. ಕಟ್ಟಿದ ಸಾರುವೆಯ ಗಳ ಕಳಚಿ ಬೀಳುವುದು, ಮೋಲ್ಡ್ ಗಟ್ಟಿಯಾಗುವ ಮುಂಚೆ ಸೆಂಟ್ರಿಂಗ್ ಬಿಚ್ಚುವುದು, ಪಾಯದ ಅಥವಾ ಒಳಚರಂಡಿಯ ಗುಂಡಿಯ ಪಕ್ಕ ಮಳೆಯಲ್ಲಿ ಕುಸಿಯುವುದು, ಮೇಲೆತ್ತುವ ಉದ್ದನೆಯ ಕಂಬಿ ಬೀದಿಯ ವಿದ್ಯುತ್ ತಂತಿಗೆ ತಾಗುವುದು, ಒದ್ದೆ ನೆಲದ ಮೇಲೆ ವೈಬ್ರೇಟರ್‌ನ ಹರಿದ ವೈರು ತುಳಿಯುವುದು. ಇವುಗಳಲ್ಲಿ ಯಾವುದೂ ದೈವೇಚ್ಛೆಯಲ್ಲ. ಒಂದು ಬೆಲ್ಟು, ನಾಲ್ಕು ಆಧಾರದ ಗಳ, ಇನ್ನೂ ಕೆಲವು ದಿನ ಕಾಯುವ ತಾಳ್ಮೆ ಇದ್ದಿದ್ದರೆ ತಪ್ಪುವಂಥವು. ಆದರೆ ಚದರದ ಲೆಕ್ಕದಲ್ಲಿ ಕೆಲಸ ಹಿಡಿದವನಿಗೆ ಕಾಯುವ ಪ್ರತಿದಿನವೂ ನಷ್ಟ. 'ಈ ಸಾರುವೆ ಮೇಲೆ ನಾನು ಹತ್ತುವುದಿಲ್ಲ' ಎಂದು ಒಬ್ಬ ಆಳು ಹೇಳಿದರೆ ನಾಳೆ ಅವನ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ. ಎಂಟು ಜನ ಒಟ್ಟಿಗೆ ಹೇಳಿದರೆ ಮಾತ್ರ ಗಳ ಬದಲಾಗುತ್ತದೆ.

ಸಾವು ಸಂಭವಿಸಿದರೆ ಪರಿಹಾರದ ಲೆಕ್ಕ ಕಾನೂನಿನಲ್ಲಿ ಖಚಿತವಾಗಿದೆ. 1923ರ ನೌಕರರ ಪರಿಹಾರ ಕಾಯ್ದೆ ರೂಪಿಸಿದ, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿರುವ ಸೂತ್ರದಂತೆ, ಮೃತನ ತಿಂಗಳ ಕೂಲಿಯ ಅರ್ಧವನ್ನು ಅವನ ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. ಈ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿಯನ್ನು 2020ರಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ನಲವತ್ತು ವರ್ಷದ ಗಾರೆಯವನಿಗೆ ಗುಣಕ 184.17; 7,500ರಿಂದ ಗುಣಿಸಿದರೆ 13,81,275 ರೂಪಾಯಿ. ಸತ್ತವನು ಕುಡಿದಿದ್ದ, ಅವನದೇ ಅಜಾಗ್ರತೆ ಎಂಬ ವಾದಕ್ಕೆ ಸಾವಿನ ಪ್ರಕರಣದಲ್ಲಿ ಬೆಲೆಯಿಲ್ಲ. ಪರಿಹಾರದ ಹಣವನ್ನು ನಿಗದಿಯಾದ ಅಧಿಕಾರಿಯ ಬಳಿ ಠೇವಣಿ ಇಡಬೇಕು; ಮನೆಯವರ ಕೈಗೆ ನೇರವಾಗಿ ಕೊಟ್ಟದ್ದನ್ನು ಕಾನೂನು ಪರಿಹಾರವೆಂದು ಒಪ್ಪುವುದಿಲ್ಲ. ಅರ್ಜಿಗೆ ಎರಡು ವರ್ಷದ ಕಾಲಾವಕಾಶವಿದೆ.

ಇದನ್ನು ವಾಸ್ತವದ ಪಕ್ಕದಲ್ಲಿ ಇಟ್ಟು ನೋಡಬೇಕು. ಅಪಘಾತವಾದ ಸಂಜೆಯೇ ಊರಿನ ನಾಲ್ವರು ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡುವುದು, ಮಣ್ಣಿನ ಖರ್ಚಿಗೆಂದು ಒಂದಷ್ಟು, ತಿಥಿ ಮುಗಿದ ಮೇಲೆ ಇನ್ನಷ್ಟು ಎಂದು ಒಪ್ಪಿಸಿ ಹೆಂಡತಿಯ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಆ ಹೊತ್ತಿನಲ್ಲಿ ಆ ಮನೆಯವರಿಗೆ ಹದಿಮೂರು ಲಕ್ಷದ ಲೆಕ್ಕ ಹೇಳುವವರು ಯಾರೂ ಅಲ್ಲಿರುವುದಿಲ್ಲ. ಆಸ್ಪತ್ರೆಗೆ ಸೇರಿಸುವಾಗ 'ಮನೆಯಲ್ಲಿ ಜಾರಿ ಬಿದ್ದ' ಎಂದು ಬರೆಸಿದರೆ ಪ್ರಕರಣ ಅಲ್ಲಿಗೇ ಮುಗಿದಂತೆ. ಪೊಲೀಸ್ ದೂರಿನಲ್ಲಿ ಕೆಲಸದ ಜಾಗ, ಗುತ್ತಿಗೆದಾರನ ಹೆಸರು, ಯಾವ ಕೆಲಸದಲ್ಲಿ ತೊಡಗಿದ್ದ ಎಂಬ ವಿವರ ಇರದಿದ್ದರೆ ಮುಂದೆ ಯಾವ ವಕೀಲರಿಗೂ ಅದನ್ನು ಕೂಡಿಸುವುದು ಕಷ್ಟ. ಇನ್ನೊಂದು ತೊಡಕೂ ಇದೆ. ಕಟ್ಟಿಸುವವರು ಕಟ್ಟಡವನ್ನೇ ವ್ಯಾಪಾರ ಮಾಡಿಕೊಂಡವರಲ್ಲದೆ ತಮ್ಮ ವಾಸಕ್ಕೆ ಮನೆ ಕಟ್ಟಿಸುವವರಾಗಿದ್ದರೆ ಪರಿಹಾರದ ಹೊಣೆ ಗುತ್ತಿಗೆದಾರನ ಮೇಲೆ ಬೀಳುತ್ತದೆ. ಗುತ್ತಿಗೆದಾರನೆಂದರೆ ಆ ಮೇಸ್ತ್ರಿಯೇ ಎಂದು ಬೊಟ್ಟು ಮಾಡಿದರೆ, ಹತ್ತಾರು ಲಕ್ಷ ತೆರುವ ಶಕ್ತಿ ಇಲ್ಲದವನ ಮೇಲೆ ಆದೇಶ ಬಂದು ಕಾಗದದಲ್ಲಿಯೇ ಉಳಿಯುತ್ತದೆ. ಸಂಘ ಗಟ್ಟಿಯಾಗಿರುವ ಕಡೆ ಮೊದಲ ಇಪ್ಪತ್ತನಾಲ್ಕು ಗಂಟೆಯ ಕೆಲಸವನ್ನು ಪದಾಧಿಕಾರಿಗಳು ನೋಡಿಕೊಳ್ಳುತ್ತಾರೆ. ಸ್ಥಳ ಮಹಜರಿಗೆ ಹಾಜರಿರುವುದು, ದೂರಿನಲ್ಲಿ ಸರಿಯಾದ ಹೆಸರು ಬರೆಸುವುದು, ಮರಣೋತ್ತರ ಪರೀಕ್ಷೆಯ ವರದಿ ಪಡೆಯುವುದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೂ ಪರಿಹಾರ ಪ್ರಾಧಿಕಾರಕ್ಕೂ ಬೇರೆ ಬೇರೆ ಅರ್ಜಿ ಹಾಕಿಸುವುದು. ಇವು ದೊಡ್ಡ ವಿದ್ಯೆಗಳಲ್ಲ. ಆದರೆ ದುಃಖದಲ್ಲಿರುವ ಮನೆಯೊಂದು ತಾನಾಗಿ ಮಾಡಲು ಆಗದ ಕೆಲಸಗಳು.

ಬೇಲೂರಿನ ಗುಡಿಯ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು, ಊರು ಕೆತ್ತಿ ಹೋಗಿದ್ದಾರೆ. ಒಂಬೈನೂರು ವರ್ಷಗಳ ಬಳಿಕವೂ ಯಾವ ವಿಗ್ರಹ ಯಾರ ಕೈಯದು ಎಂದು ನಾವು ಹೇಳಬಲ್ಲೆವು. ಅದೇ ಜಿಲ್ಲೆಯಲ್ಲಿ ಕಳೆದ ವರ್ಷ ಮುಗಿದ ಮನೆಯ ಗೋಡೆ ಯಾರದೆಂದು ಹೇಳಲಾಗುವುದಿಲ್ಲ.

ಇನ್ನು ಕಲ್ಯಾಣ ಮಂಡಳಿಯ ಮಾತು. ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸೆಸ್ ಸಂಗ್ರಹಿಸಿ ಆ ಹಣವನ್ನು ಕಾರ್ಮಿಕರ ಪಿಂಚಣಿ, ಚಿಕಿತ್ಸೆ, ಹೆರಿಗೆ, ಮಕ್ಕಳ ಓದು, ಮದುವೆ, ಅಪಘಾತ ಪರಿಹಾರಗಳಿಗೆ ಬಳಸಬೇಕೆಂಬುದು 1996ರ ಕಾಯ್ದೆಗಳ ತಿರುಳು. ಕರ್ನಾಟಕದಲ್ಲಿ ಅದರ ನಿಯಮಗಳು ಬಂದದ್ದು 2006ರಲ್ಲಿ, ಅಂದರೆ ಸಂಸತ್ತು ಕಾಯ್ದೆ ಮಾಡಿ ಹತ್ತು ವರ್ಷವಾದ ಮೇಲೆ. ಹದಿನೆಂಟರಿಂದ ಅರವತ್ತು ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಈ ತೊಂಬತ್ತು ದಿನದ ಪ್ರಮಾಣಪತ್ರವೇ ಬೀಗದ ಕೈ. ಕರ್ನಾಟಕದ ನಿಯಮಗಳಲ್ಲಿ ಅದನ್ನು ಮಾಲೀಕರು ಅಥವಾ ಗುತ್ತಿಗೆದಾರರು, ನೋಂದಾಯಿತ ಕಾರ್ಮಿಕ ಸಂಘ, ಕಾರ್ಮಿಕ ಇಲಾಖೆಯ ಅಧಿಕಾರಿ, ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಹೀಗೆ ಹಲವರು ಕೊಡಬಹುದೆಂದು ಇಟ್ಟಿದ್ದಾರೆ. ಗುತ್ತಿಗೆದಾರರು ಸಹಿ ಹಾಕಲು ಹಿಂಜರಿಯುತ್ತಾರೆ; ಹಾಕಿದರೆ ತಾವು ಮಾಲೀಕರೆಂದು ಒಪ್ಪಿಕೊಂಡಂತಾಗುತ್ತದೆ, ನಾಳೆ ಏನಾದರೂ ಆದರೆ ಹೊಣೆ ಹೊರಬೇಕಾಗುತ್ತದೆ ಎಂಬ ಅಳುಕು. ಅಧಿಕಾರಿಗೆ ಈ ಕೂಲಿಕಾರ ಯಾರೆಂದು ತಿಳಿಯುವ ದಾರಿಯಿಲ್ಲ. ಆತನ ಕೆಲಸವನ್ನು ದಿನವೂ ಕಂಡವರು ಜೊತೆಯ ಕೆಲಸಗಾರರು ಮಾತ್ರ, ಮತ್ತು ಅವರ ಮಾತಿಗೆ ಕಾನೂನಿನ ಬಲ ಬರುವುದು ಅವರು ಸಂಘವಾದಾಗ.

ತೊಂಬತ್ತು ದಿನವೆಂದರೆ ಕಡಿಮೆಯೇ ಅಲ್ಲವೇ ಎನ್ನುವವರು ಸಕಲೇಶಪುರ, ಆಲೂರು ಕಡೆಯ ಮಳೆಗಾಲವನ್ನು ನೋಡಬೇಕು. ಜೂನ್‌ನಿಂದ ಮೂರು ತಿಂಗಳು ಹೊರಗಿನ ಗಾರೆ ಕೆಲಸ ನಿಂತಂತೆಯೇ; ಆಷಾಢದಲ್ಲಿ ಪಾಯಕ್ಕೆ ಗುದ್ದಲಿ ಹಾಕುವವರಿಲ್ಲ. ದೀಪಾವಳಿ ಕಳೆದು ಕೆಲಸ ಚುರುಕಾದ ಮೇಲೂ ಒಂದು ಕಡೆ ಹನ್ನೆರಡು ದಿನ, ಇನ್ನೊಂದು ಕಡೆ ಐದು ದಿನ, ನಡುವೆ ಕಾಫಿ ಕೊಯ್ಲಿಗೆ ಹೋಗುವುದು, ಊರಿನ ಜಮೀನಿನಲ್ಲಿ ರಾಗಿ ಕೊಯ್ಲು. ವರ್ಷದಲ್ಲಿ ನೂರೈವತ್ತು ದಿನ ದುಡಿದವನಿಗೂ ತೊಂಬತ್ತಕ್ಕೆ ಲೆಕ್ಕ ಕೊಡಲಾಗದಿರುವುದು ಹೀಗೆ. ನೋಂದಣಿಯಾದ ಮೇಲೆ ನವೀಕರಣ ತಪ್ಪಿದರೆ ಸದಸ್ಯತ್ವ ಹೋಗುತ್ತದೆ, ಅರವತ್ತು ತುಂಬಿದಾಗ ಪಿಂಚಣಿಗೆ ಬೇಕಾದ ಸೇವೆಯ ಲೆಕ್ಕ ಮುರಿಯುತ್ತದೆ.

ಈ ಖಾಲಿ ಜಾಗದಲ್ಲಿ ಬೆಳೆದದ್ದು ದಲ್ಲಾಳಿಗಳು. ಕಟ್ಟಡದ ಹತ್ತಿರ ಸುಳಿಯದವರಿಗೂ ಕಾರ್ಡು ಮಾಡಿಸಿಕೊಡುವ ದಂಧೆ ರಾಜ್ಯದುದ್ದಕ್ಕೂ ಹಬ್ಬಿ, ಸರ್ಕಾರವೇ ನಕಲಿ ಕಾರ್ಡುಗಳನ್ನು ಹುಡುಕಿ ರದ್ದು ಮಾಡಬೇಕಾಯಿತು. ರದ್ದತಿಯ ಭರಾಟೆಯಲ್ಲಿ ನಿಜವಾದ ಕೆಲಸಗಾರರ ಅರ್ಜಿಗಳೂ ಅನುಮಾನಕ್ಕೆ ಸಿಕ್ಕಿದವು. ಇಲ್ಲಿ ಸಂಘಗಳ ಪಾಲನ್ನು ಮುಚ್ಚಿಡುವುದು ಸರಿಯಲ್ಲ. ಸಂಘವೆಂದು ಬೋರ್ಡು ಹಾಕಿಕೊಂಡು ಕಾರ್ಡಿಗೆ ಇಷ್ಟು, ಮದುವೆ ಸಹಾಯಧನದಲ್ಲಿ ಇಷ್ಟು ಎಂದು ವಸೂಲಿ ಮಾಡುವ ಗುಂಪುಗಳಿವೆ. ಅಂಥ ಕಡೆ ಹಣ ಕೊಟ್ಟವನು ಗಿರಾಕಿ. ಸಭೆ, ಚುನಾವಣೆ, ಲೆಕ್ಕಪತ್ರ ಇವುಗಳಲ್ಲಿ ಅವನಿಗೆ ಪಾಲಿಲ್ಲ. ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಸರಳ: ನೋಂದಣಿ ಸಂಖ್ಯೆ ಏನು, ವಾರ್ಷಿಕ ವಂತಿಗೆಗೆ ರಸೀದಿ ಕೊಡುತ್ತೀರಾ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತೀರಾ, ಪದಾಧಿಕಾರಿಗಳನ್ನು ಆರಿಸುವವರು ಯಾರು, ಕೂಲಿ ಬಾಕಿಯ ಪ್ರಕರಣ ಯಾವುದಾದರೂ ನಡೆಸಿದ್ದೀರಾ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಅದು ಕಾರ್ಡು ಮಾಡಿಸುವ ಅಂಗಡಿ ಎಂದು ತಿಳಿಯಬಹುದು.

ಮಂಡಳಿಯಲ್ಲಿ ಹಣವಿದ್ದರೂ ಅದು ಯಾರ ಕೈಸೇರುತ್ತದೆ ಎಂಬುದು ಸಂಘಟಿತ ಒತ್ತಡದ ಮೇಲೆಯೇ ನಿಂತಿದೆ. ಕಾರ್ಮಿಕರ ಸೆಸ್ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷೀನ್ ಖರೀದಿಸಿದ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು, 2018ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ ರಾಜ್ಯಗಳ ಉದಾಸೀನವನ್ನು ಕಟುವಾಗಿ ಖಂಡಿಸಿ ಮಾದರಿ ಯೋಜನೆ ರೂಪಿಸಲು ನಿರ್ದೇಶಿಸಿದ್ದು ಆಗಲೇ ಹೇಳಿದ ರಾಷ್ಟ್ರೀಯ ಪ್ರಚಾರ ಸಮಿತಿ 2006ರಿಂದ ನಡೆಸಿಕೊಂಡು ಬಂದ ಮೊಕದ್ದಮೆಯಿಂದ. ನಮ್ಮ ರಾಜ್ಯದಲ್ಲಿ 2023ರಲ್ಲಿ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಹಾಯಧನವನ್ನು ತೀವ್ರವಾಗಿ ಕಡಿತ ಮಾಡಿದಾಗ ಬೀದಿಗಿಳಿದದ್ದು ಸಂಘಗಳೇ. ವಿಷಯ ಹೈಕೋರ್ಟಿನವರೆಗೂ ಹೋಯಿತು. ಎಂಜಿನಿಯರಿಂಗ್ ಓದುವ ಮಗಳ ಶುಲ್ಕಕ್ಕಾಗಿ ಆ ಹಣವನ್ನೇ ನಂಬಿಕೊಂಡ ಪೇಂಟರ್ ಒಬ್ಬನು ಒಂಟಿಯಾಗಿ ಮಂಡಳಿಯನ್ನು ಪ್ರಶ್ನಿಸುವುದನ್ನು ಯಾರೂ ನಿರೀಕ್ಷಿಸಲಾರರು.

2020ರ ಮೇ ತಿಂಗಳನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಹೊರರಾಜ್ಯದ ಕಾರ್ಮಿಕರು ಊರಿಗೆ ಮರಳಲು ಕಾಯುತ್ತಿದ್ದಾಗ, ಬೆಂಗಳೂರಿನ ಬಿಲ್ಡರ್‌ಗಳ ಸಂಘದ ಪ್ರತಿನಿಧಿಗಳು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರನ್ನು ಭೇಟಿಯಾದ ಬೆನ್ನಿಗೇ ರಾಜ್ಯ ಸರ್ಕಾರ ಅವರನ್ನು ಊರಿಗೆ ಒಯ್ಯುವ ಶ್ರಮಿಕ ರೈಲುಗಳನ್ನು ಬೇಡವೆಂದಿತು. ದೇಶದಾದ್ಯಂತ ಟೀಕೆ ಕೇಳಿಬಂದು, ಕಾರ್ಮಿಕ ಸಂಘಟನೆಗಳು ಪ್ರತಿಭಟಿಸಿ, ಕೆಲವೇ ದಿನಗಳಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. ಕಟ್ಟಿಸುವವರಿಗೆ ಸಂಘವಿತ್ತು, ಮುಖ್ಯಮಂತ್ರಿಯ ಮೇಜಿನ ಎದುರು ಕೂರುವ ಅವಕಾಶವಿತ್ತು. ಕಟ್ಟುವವರ ಪೈಕಿ ಬಹುಪಾಲು ಜನರಿಗೆ ಎರಡೂ ಇರಲಿಲ್ಲ. ಅದೇ ವರ್ಷ ರಾಜ್ಯ ಸರ್ಕಾರ ನೋಂದಾಯಿತ ಕಟ್ಟಡ ಕಾರ್ಮಿಕರ ಬ್ಯಾಂಕ್ ಖಾತೆಗೆ ಮೊದಲು 2,000, ಬಳಿಕ 3,000 ಎಂದು ಒಟ್ಟು 5,000 ರೂಪಾಯಿ ಹಾಕಿತು. ಕಾರ್ಡಿಲ್ಲದ ಗಾರೆಯವನು, ಪಕ್ಕದ ಮನೆಯವನಷ್ಟೇ ದುಡಿದಿದ್ದರೂ, ಆ ಪಟ್ಟಿಯ ಹೊರಗಿದ್ದ.

ಹೊರಗಿನಿಂದ ಬಂದವರ ಸ್ಥಿತಿ ಇನ್ನೂ ಹದಗೆಟ್ಟದ್ದು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಮುಂಗಡ ಪಡೆದು ಕುಟುಂಬ ಸಮೇತ ಬಂದವರು, ಬಿಹಾರ, ಪಶ್ಚಿಮ ಬಂಗಾಳ, ಒಡಿಶಾದಿಂದ ಬಂದ ಹುಡುಗರು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿಯೇ ಇರುತ್ತಾರೆ. ಮುಂಗಡ ತೀರುವವರೆಗೆ ಅವರ ಕೂಲಿಯ ಲೆಕ್ಕ ಅವರ ಕೈಯಲ್ಲಿ ಇರುವುದಿಲ್ಲ. ಭಾಷೆ ಬಾರದವರಿಗೆ ಠಾಣೆಯೂ ಇಲಾಖೆಯೂ ಒಂದೇ. ಇವರು ಕಡಿಮೆ ಕೂಲಿಗೆ ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಎಂದು ಸ್ಥಳೀಯ ಗಾರೆಯವರು ಹೇಳುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಹೊರಗಿನವರ ಕೂಲಿ ಕಡಿಮೆ ಇರುವವರೆಗೆ ಸ್ಥಳೀಯರ ಕೂಲಿಯೂ ಏರದು ಎಂಬುದು ಅದರ ಇನ್ನೊಂದು ಮುಖ. ಇಬ್ಬರೂ ಒಂದೇ ಸಂಘದಲ್ಲಿದ್ದು ಒಂದೇ ದರ ಹೇಳಿದರೆ ಆ ಪೈಪೋಟಿಗೆ ಜಾಗವಿಲ್ಲ.

ಹೆಂಗಸರ ಮಾತು ಬೇರೆಯೇ. ಇಪ್ಪತ್ತು ವರ್ಷ ಗಾರೆ ಕಲಸಿ, ಇಟ್ಟಿಗೆ ಕೊಟ್ಟು, ಕ್ಯೂರಿಂಗಿಗೆ ನೀರು ಹೊತ್ತ ಹೆಂಗಸು ಇಂದಿಗೂ 'ಹೆಣ್ಣಾಳು'; ಅವಳ ಕಣ್ಣೆದುರು ಕೈಯಾಳಾಗಿ ಬಂದ ಹುಡುಗ ನಾಲ್ಕು ವರ್ಷದಲ್ಲಿ ಕರಣೆ ಹಿಡಿದು ಮೇಸ್ತ್ರಿಯಾಗುತ್ತಾನೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡಬೇಕೆಂಬ ಕಾನೂನು 1976ರಿಂದ ಇದೆ, ಆದರೆ ಅವಳಿಗೆ ಸಮಾನ ಕೆಲಸವನ್ನೇ ಕೊಡದಿದ್ದರೆ ಆ ಕಾನೂನಿನಿಂದ ಫಲವಿಲ್ಲ. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ಇರುವ ಕಡೆ ಶಿಶುಪಾಲನಾ ಕೋಣೆ ಬೇಕೆಂದು 1996ರ ಕಾಯ್ದೆ ಹೇಳಿತ್ತು. ಮೂರು ಹೆಣ್ಣಾಳುಗಳ ಮನೆ ಕೆಲಸದಲ್ಲಿ ಮಗು ಮರಳಿನ ರಾಶಿಯ ಮೇಲೆಯೇ ಮಲಗಬೇಕು. ಸಂಘಗಳ ಪದಾಧಿಕಾರಿಗಳ ಪಟ್ಟಿಯಲ್ಲಿಯೂ ಹೆಂಗಸರ ಹೆಸರು ಅಪರೂಪ ಎಂಬುದನ್ನು ಸಂಘಗಳ ಹಿತ ಬಯಸುವವನಾಗಿಯೇ ಹೇಳಬೇಕಾಗಿದೆ.

ನಮ್ಮ ಜಿಲ್ಲೆಗೆ ಸಂಘವೆಂಬುದು ಅಪರಿಚಿತವಲ್ಲ. ಸಕಲೇಶಪುರ, ಬೇಲೂರು ಕಡೆಯ ದೊಡ್ಡ ಕಾಫಿ ತೋಟಗಳ ಕೆಲಸಗಾರರು ದಶಕಗಳಿಂದ ಸಂಘಟಿತರು. 1951ರ ತೋಟ ಕಾರ್ಮಿಕರ ಕಾಯ್ದೆಯಡಿ ಲೈನು ಮನೆ, ಚಿಕಿತ್ಸೆಗಳನ್ನು ಕೇಳಿ ಪಡೆದವರು. ಅಲ್ಲಿ ಅದು ಸಾಧ್ಯವಾದದ್ದು ಒಬ್ಬ ಮಾಲೀಕ, ಒಂದು ತೋಟ, ಒಂದೇ ಹಾಜರಿ ಪುಸ್ತಕ ಇದ್ದುದರಿಂದ. ಗಾರೆಯವರಿಗೆ ಇವು ಮೂರೂ ಇಲ್ಲ. ಕಾರ್ಖಾನೆ, ತೋಟಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ನಿಯಮಗಳು ಅವರಿಗೆ ಹೊಂದುವುದೂ ಇಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನೇ ನೋಡಿ: ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಮಾಲೀಕನೊಡನೆ ಮಾತುಕತೆ ನಡೆಸುವ ಹಕ್ಕು ದೊರೆಯುವುದು ಆ ಸಂಸ್ಥೆಯ ಹಾಜರಿ ಪಟ್ಟಿಯಲ್ಲಿರುವವರ ಪೈಕಿ ಶೇಕಡಾ 51 ಮಂದಿಯ ಬೆಂಬಲವಿರುವ ಸಂಘಕ್ಕೆ. ಹಾಜರಿ ಪಟ್ಟಿಯೇ ಇಲ್ಲದ ಕಡೆ ಶೇಕಡಾ 51 ಎಂದರೆ ಎಷ್ಟು ಜನ? ಆದ್ದರಿಂದ ಕಟ್ಟಡ ಕಾರ್ಮಿಕರ ಸಂಘವನ್ನು ಕಟ್ಟಡದ ಲೆಕ್ಕದಲ್ಲಿ ಕಟ್ಟಲಾಗದು. ತಾಲ್ಲೂಕಿನ, ಹೋಬಳಿಯ, ಬಡಾವಣೆಯ ಲೆಕ್ಕದಲ್ಲಿ, ಕೆಲಸಗಾರರು ವಾಸಿಸುವ ಊರುಗಳಲ್ಲಿ ಕಟ್ಟಬೇಕಾಗುತ್ತದೆ. ನೋಂದಣಿಗೆ ಕನಿಷ್ಠ ಏಳು ಸದಸ್ಯರು ಅರ್ಜಿ ಹಾಕಬೇಕು. ಆ ಉದ್ಯಮದ ಶೇಕಡಾ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಿರಬೇಕು. ನೂರು ಗಾರೆಯವರು ಸಿಗದ ಹೋಬಳಿ ಹಾಸನ ಜಿಲ್ಲೆಯಲ್ಲಿ ಇದ್ದೀತು ಎಂದು ನನಗನ್ನಿಸುವುದಿಲ್ಲ.

ಹೊಸ ಸಂಹಿತೆಗಳನ್ನು ಹಲವು ಕೇಂದ್ರ ಕಾರ್ಮಿಕ ಸಂಘಟನೆಗಳು ವಿರೋಧಿಸಿವೆ. ಆ ವಿರೋಧದ ಎಲ್ಲ ಅಂಶಗಳಿಗೆ ಇಲ್ಲಿ ಹೋಗುವುದಿಲ್ಲ. ಹಾಸನದಂಥ ಊರಿಗೆ ನೇರವಾಗಿ ತಾಗುವ ಒಂದು ಬದಲಾವಣೆಯನ್ನು ಮಾತ್ರ ಬಿಡಿಸಿ ನೋಡಬೇಕು. 1996ರ ಕಾಯ್ದೆಯಲ್ಲಿ ಸ್ವಂತ ವಾಸಕ್ಕೆ ಕಟ್ಟಿಸುವ ಮನೆಯ ವೆಚ್ಚ 10 ಲಕ್ಷ ರೂಪಾಯಿ ಮೀರದಿದ್ದರೆ ಅದು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿತ್ತು. ಸಾಮಾಜಿಕ ಭದ್ರತಾ ಸಂಹಿತೆ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ, ಇನ್ನೂ ಏರಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೂ ಸಂಹಿತೆಯ ಕಟ್ಟಡ ಕಾರ್ಮಿಕರ ನಿಯಮಗಳು ಅನ್ವಯಿಸುವುದಿಲ್ಲ. ಮನೆ ಕಟ್ಟಿಸುವ ಮಧ್ಯಮ ವರ್ಗದವರಿಗೆ ಇದು ಹಗುರವೆನಿಸಬಹುದು. 40 ಲಕ್ಷದ ಮನೆಗೆ ಹಿಂದೆ ತೆರಬೇಕಾಗಿದ್ದ 40,000 ರೂಪಾಯಿ ಸೆಸ್ ಉಳಿಯುತ್ತದೆ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಗಾರೆಯವರಿಗೆ ಕೆಲಸ ಕೊಡುವುದೇ ಇಂಥ ಮನೆಗಳು. ಅಪಾರ್ಟ್‌ಮೆಂಟುಗಳ ಬೆಂಗಳೂರಿಗೆ ಈ ಮಿತಿಯಿಂದ ಆಗುವ ವ್ಯತ್ಯಾಸ ಅಲ್ಪವಾದರೂ, ಅರಸೀಕೆರೆ, ಹೊಳೆನರಸೀಪುರ, ಆಲೂರುಗಳಿಗೆ ದೊಡ್ಡದು. ನಿಧಿಗೆ ಬರುವ ಹಣ ಕುಗ್ಗುವುದು ಒಂದಾದರೆ, ಕಾನೂನಿನ ವ್ಯಾಖ್ಯೆಯಿಂದ ಹೊರಗುಳಿದ ಕಟ್ಟಡದಲ್ಲಿ ದುಡಿದ ದಿನಗಳು ತೊಂಬತ್ತರ ಲೆಕ್ಕಕ್ಕೆ ಸಲ್ಲುತ್ತವೆಯೇ ಎಂಬ ಪ್ರಶ್ನೆ ಅದಕ್ಕಿಂತ ಗಂಭೀರವಾದದ್ದು. ಸಲ್ಲುವುದಿಲ್ಲ ಎಂದು ಒಬ್ಬ ಅಧಿಕಾರಿ ಓದಿಕೊಂಡರೆ ಜೀವಮಾನವಿಡೀ ಮನೆ ಕಟ್ಟಿದವನು ಕಟ್ಟಡ ಕಾರ್ಮಿಕನೇ ಅಲ್ಲವಾಗುತ್ತಾನೆ. ಮಂಡಳಿಯಲ್ಲಿ ಸರ್ಕಾರ ಮತ್ತು ಮಾಲೀಕರ ಜೊತೆ ಕಾರ್ಮಿಕರ ಪ್ರತಿನಿಧಿಗಳಿಗೂ ಜಾಗವಿದೆ. ಈ ಓದನ್ನು ಅಲ್ಲಿ ತಡೆಯಬೇಕಾದವರು ಅವರು, ಮತ್ತು ಅವರ ಮಾತಿಗೆ ತೂಕ ಬರುವುದು ಅವರ ಹಿಂದೆ ಎಷ್ಟು ಸದಸ್ಯರಿದ್ದಾರೆ ಎಂಬುದರಿಂದ.

ಅಲ್ಲಿಯವರೆಗೆ ಹೋಬಳಿ ಮಟ್ಟದಲ್ಲಿ ಇಂದೇ ಆಗಬಹುದಾದ ಕೆಲಸವೊಂದಿದೆ. ಪ್ರತಿ ಸದಸ್ಯರಿಗೂ ಒಂದು ದಿನಚರಿ ಪುಸ್ತಕ: ದಿನಾಂಕ, ಕೆಲಸದ ಜಾಗ, ಮನೆಯೊಡೆಯರ ಹೆಸರು, ಮೇಸ್ತ್ರಿಯ ಹೆಸರು, ಪಡೆದ ಕೂಲಿ, ಉಳಿದ ಬಾಕಿ. ವಾರಕ್ಕೊಮ್ಮೆ ಬಟವಾಡೆಯ ದಿನ ಜೊತೆಯ ಇಬ್ಬರು ಸದಸ್ಯರ ಸಹಿ, ತಿಂಗಳಿಗೊಮ್ಮೆ ಸಂಘದ ಮೊಹರು. ಕೆಲಸ ನಡೆಯುವ ಮನೆಯ ಒಂದು ಫೋಟೋ ಮೊಬೈಲಿನಲ್ಲಿ. ಓದು ಬಾರದವರಿಗೆ ಬರೆದುಕೊಡಲು ಹತ್ತನೆಯ ತರಗತಿ ಓದಿದ ಅವರ ಮಕ್ಕಳೇ ಇದ್ದಾರೆ. ಕೂಲಿ ಬಾಕಿಗೆ ಮೂರು ವರ್ಷ, ಅಪಘಾತ ಪರಿಹಾರಕ್ಕೆ ಎರಡು ವರ್ಷ, ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳು. ಕಾನೂನು ಕೇಳುವ ಈ ಮೂರು ಲೆಕ್ಕಗಳಿಗೂ ಆ ಒಂದು ಪುಸ್ತಕದಿಂದ ಉತ್ತರ ಕೊಡಬಹುದು. ಆಷಾಢದಲ್ಲಿ ಹೇಗೂ ಕೆಲಸವಿರುವುದಿಲ್ಲ. ವಂತಿಗೆ ಕಟ್ಟಿ, ಕಾರ್ಡು ನವೀಕರಿಸಿ, ಹೊಸ ಪುಸ್ತಕ ಪಡೆದುಕೊಳ್ಳಲು ಆ ತಿಂಗಳು ಸಾಕು.